ಸೇಂಟ್ ಮೇರೀಸ್ ಪಟ್ಟಿಗೆ ಸೇರಿತಾ? ಪಶ್ಚಿಮ ಘಟ್ಟ ಎಲ್ಲಿ ನಿಂತು ನೋಡುವುದು?

ಅಜ್ಜರಕಾಡಿನ_ಅಪ್ಪ:

ನಮಸ್ಕಾರ ಎಲ್ಲರಿಗೂ. ಮಗಳು ಏಳನೇ ಕ್ಲಾಸು. ಯುನೆಸ್ಕೋ ವಿಶ್ವ ಪರಂಪರೆ ತಾಣಗಳನ್ನು ಒಂದೊಂದಾಗಿ ನೋಡಬೇಕು ಅಂತ ನೋಟ್ ಪುಸ್ತಕ ಮಾಡಿಕೊಂಡಿದ್ದಾಳೆ. ಭಾರತದ್ದೇ 44 ಇವೆ. ನನ್ನ ಪಿಎಫ್ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಈಗಲೇ ಗೊತ್ತಾಗಿದೆ. ಅವಳ ನಿಯಮ ಭಾರಿ ಕಟ್ಟುನಿಟ್ಟು. ಕಾಲಿಟ್ಟರೆ ಮಾತ್ರ ಟಿಕ್, ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಹಂಪಿ ಆಯಿತು, ಪಟ್ಟದಕಲ್ಲು ಆಯಿತು. ಬೇಲೂರು, ಹಳೇಬೀಡು ನೋಡಿದ್ದೇವೆ, ಆದರೆ 2023ರಲ್ಲಿ ಸೋಮನಾಥಪುರವನ್ನೂ ಸೇರಿಸಿ ಮೂರಕ್ಕೂ ಒಂದೇ ನಂಬರು ಕೊಟ್ಟಿರುವುದರಿಂದ ಅಲ್ಲಿ ಟಿಕ್ ಪೂರ್ತಿ ಬಿದ್ದಿಲ್ಲ.

ಹಂಪಿಯ ಟಿಕ್ ಬಗ್ಗೆ ನನಗೇ ಸಮಾಧಾನ ಇಲ್ಲ. ಪ್ಯಾಕೇಜ್ ಟೂರಿನಲ್ಲಿ ಹೋಗಿದ್ದೆವು. ವಿರೂಪಾಕ್ಷ ದೇವಸ್ಥಾನಕ್ಕೆ ಅರ್ಧ ಗಂಟೆ, ಊಟಕ್ಕೆ ಒಂದೂವರೆ ಗಂಟೆ. ವಿಠ್ಠಲ ದೇವಸ್ಥಾನ ತಲುಪುವಷ್ಟರಲ್ಲಿ ಡ್ರೈವರ್ ಫೋನ್ ಮೇಲೆ ಫೋನ್. ನಾವಿಬ್ಬರು ಓಡಿ ಹೋಗಿ ನೋಡಿ ಬಂದೆವು, ನನ್ನ ಅಮ್ಮ ಕಲ್ಲಿನ ರಥ ನೋಡಿದ್ದು ಐವತ್ತರ ನೋಟಿನಲ್ಲೇ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮಲ್ಪೆ ಕಡಲಿನ ಸೇಂಟ್ ಮೇರೀಸ್ ದ್ವೀಪ ಯುನೆಸ್ಕೋಗೆ ಸೇರಿತು ಅಂತ ವಾಟ್ಸಾಪಿನಲ್ಲಿ ಬಂದಿತ್ತು, ನಿಜವಾ? ಪಶ್ಚಿಮ ಘಟ್ಟ ಪಟ್ಟಿಯಲ್ಲಿದೆ ಸರಿ, ಅದಕ್ಕೆ ಎಲ್ಲಿ ಕಾಲಿಡಬೇಕು? ಆಗುಂಬೆ ಘಾಟಿಯಲ್ಲಿ ಮಗಳು ಎರಡು ಸಲ ವಾಂತಿ ಮಾಡಿದ್ದಾಳೆ, ಇಳಿದೇ ಮಾಡಿದ್ದು, ಅದು ಆಗುತ್ತದಾ? ಇನ್ನೊಂದು, ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಉಂಟು. ಅಮ್ಮನಿಗೆ 72, ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಎಲ್ಲಿಗೆ ಹೋಗಬಹುದು?

ಮಲ್ಪೆ_ಬಂಗುಡೆ:

ಸೇರಿಲ್ಲ ಮಾರಾಯ್ರೇ. ವಾಟ್ಸಾಪಿನದ್ದು ಅರ್ಧ ನಿಜ. 2025ರ ಸೆಪ್ಟೆಂಬರಿನಲ್ಲಿ ಸೇರಿದ್ದು ತಾತ್ಕಾಲಿಕ ಪಟ್ಟಿಗೆ. ತಿರುಮಲ ಬೆಟ್ಟ, ವರ್ಕಲದ ಕಡಲ ಬಂಡೆ, ಪಂಚಗಣಿ ಎಲ್ಲ ಸೇರಿ ಏಳು ಜಾಗದ ಹೆಸರು ಒಟ್ಟಿಗೆ ಹೋಯಿತು. ಮುಂದೆ ಇದಕ್ಕೆ ಅರ್ಜಿ ಹಾಕುತ್ತೇವೆ ಅಂತ ದೇಶ ಹೆಸರು ಬರೆಸಿಡುವುದು ಅಷ್ಟೇ. ಆ ಪಟ್ಟಿಯಲ್ಲಿ ಕಡಿಮೆ ಎಂದರೂ ಒಂದು ವರ್ಷ ಇದ್ದ ಮೇಲೆಯೇ ಅರ್ಜಿ. ಶ್ರೀರಂಗಪಟ್ಟಣ 2014ರಿಂದ ಅಲ್ಲೇ ಕೂತಿದೆ, ಹಾಗಾಗಿ ಅವಸರ ಬೇಡ. ಮಗಳಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕಲು ಹೇಳಿ.

ಆದರೆ ಹೋಗುವುದಾದರೆ ಸುಮ್ನೆ ಸೆಲ್ಫಿ ತೆಗೆದು ಬರಬೇಡಿ. ಬೋಟು ಇಳಿದ ಕೂಡಲೇ ಎಲ್ಲರೂ ಚಿಪ್ಪು ಬಿದ್ದಿರುವ ಕಡೆಗೆ ಓಡುತ್ತಾರೆ, ನೀವು ಕಲ್ಲಿನ ಕಂಬಗಳ ಹತ್ತಿರ ಹೋಗಿ. ಕಂಬದ ತಲೆಗಳನ್ನು ಮೇಲಿಂದ ನೋಡಿದರೆ ಜೇನುಗೂಡಿನ ಹಾಗೆ ಕಾಣುತ್ತದೆ, ಮೂಲೆ ಎಣಿಸಲು ಹೇಳಿ. ಹೆಚ್ಚಿನದಕ್ಕೆ ಆರು, ಕೆಲವಕ್ಕೆ ಐದು ಇರುತ್ತದೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಅದು. ತಣ್ಣಗಾಗುತ್ತಾ ಕುಗ್ಗಿ ಬಿರುಕು ಬಿಟ್ಟದ್ದು, ಬೇಸಿಗೆಯಲ್ಲಿ ಗದ್ದೆ ಬಿರಿಯುತ್ತದಲ್ಲ, ಹಾಗೆ. ಗದ್ದೆಯ ಬಿರುಕು ಗೇಣುದ್ದ ಇಳಿದರೆ ಇಲ್ಲಿಯದು ಆಳುದ್ದಕ್ಕಿಂತ ಕೆಳಗೆ ಹೋಗಿದೆ. ಮಳೆಗಾಲದಲ್ಲಿ ಬೋಟು ಇಲ್ಲ. ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಯೋಚಿಸಿ, ಬೋಟು ಹತ್ತಿ ಇಳಿಯುವುದು ಮಂಡಿ ನೋವಿನವರಿಗೆ ಕಷ್ಟ.

ಮಾಳದ_ಹುಡುಗ:

ಘಟ್ಟದ ವಿಷಯ ನಾನು ಹೇಳುತ್ತೇನೆ. 2012ರಲ್ಲಿ ಸೇರಿದ್ದು ಇಡೀ ಪಶ್ಚಿಮ ಘಟ್ಟ ಅಲ್ಲ, ನಾಲ್ಕು ರಾಜ್ಯದ 39 ಕಾಡಿನ ತುಂಡುಗಳು. ನಮ್ಮ ರಾಜ್ಯದ್ದು 10. ಅದರಲ್ಲಿ ನಿಮಗೆ ಹತ್ತಿರದ್ದು ಸೋಮೇಶ್ವರ ಅಭಯಾರಣ್ಯ (ಉಳ್ಳಾಲದ ಬೀಚ್ ಅಲ್ಲ, ಹೆಬ್ರಿ ದಾಟಿ ಸಿಗುವುದು) ಮತ್ತು ಕುದುರೆಮುಖ. ಆಗುಂಬೆ ಘಾಟಿ ರಸ್ತೆ ಸೋಮೇಶ್ವರದ ಕಾಡಿನೊಳಗೇ ಹೋಗುತ್ತದೆ. ಹಾಗಾಗಿ ಇಳಿದು ವಾಂತಿ ಮಾಡಿದ್ದರೆ ನ್ಯಾಯವಾಗಿ ಟಿಕ್ ಕೊಡಲೇಬೇಕು 😄

ತಮಾಷೆ ಬಿಡಿ. ಆ ದಾರಿಯಲ್ಲಿ ಸೂರ್ಯಾಸ್ತಕ್ಕೆ ಅಂತ ಕಾರು ಓಡಿಸಿಕೊಂಡು ಹೋಗುವವರು ಕಾಡನ್ನು ನೋಡುವುದೇ ಇಲ್ಲ. ತಿರುವಿನಲ್ಲಿ ಕಟ್ಟೆ ಮೇಲೆ ಕೂತು ಕುರ್ಕುರೆಗೆ ಕೈ ಚಾಚುವುದು ಮಾಮೂಲಿ ಮಂಗ. ಸಿಂಗಳೀಕ ಬೇರೆ, ಕಪ್ಪು ಮೈ, ಮುಖದ ಸುತ್ತ ಬೂದು ಕೂದಲು, ಮೇಲೆ ಮರದಲ್ಲೇ ಇರುತ್ತದೆ. ನಾನು ಒಂದೇ ಸಲ ಚೆನ್ನಾಗಿ ನೋಡಿದ್ದು. ಬೈಕ್ ಪಂಚರ್ ಆಗಿ ಮುಕ್ಕಾಲು ಗಂಟೆ ಸುಮ್ಮನೆ ನಿಂತಿದ್ದಾಗ ಮೇಲಿನಿಂದ ಹಲಸಿನ ಸೊಳೆ ಬಿತ್ತು, ತಲೆ ಎತ್ತಿದರೆ ನಾಲ್ಕು ಕೂತಿವೆ.

ಕುದುರೆಮುಖದ ಕಡೆ ಬಂದರೆ ಚೆಕ್‌ಪೋಸ್ಟಿನಲ್ಲಿ ಸಮಯ ಬರೆದು ಚೀಟಿ ಕೊಡುತ್ತಾರೆ, ನಡುವೆ ಎಲ್ಲೆಂದರಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚುವ ಹಾಗಿಲ್ಲ. ಮಗಳಿಗೆ ಕಾಲಿಡಲೇಬೇಕು ಅಂತಿದ್ದರೆ ಹನುಮಾನ್ ಗುಂಡಿ ಜಲಪಾತ ಉಂಟು. ಟಿಕೆಟ್ ತೆಗೆದು ಮೆಟ್ಟಿಲು ಇಳಿಯಬೇಕು, ಇಳಿದಷ್ಟನ್ನೂ ಹತ್ತಬೇಕು, ಅಮ್ಮನಿಗೆ ಬೇಡ. ನನ್ನ ಅಪ್ಪ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸದಲ್ಲಿದ್ದರು. ಅದಿರನ್ನು ನೀರಿನಲ್ಲಿ ಕಲಸಿ ಘಟ್ಟದ ಕೆಳಗೆ ಮಂಗಳೂರಿನವರೆಗೆ ಪೈಪಿನಲ್ಲಿ ಬಿಡುತ್ತಿದ್ದರು. 2005ರ ಕೊನೆಗೆ ಗಣಿ ನಿಂತಿತು. ಏಳು ವರ್ಷದಲ್ಲಿ ಅದೇ ಊರು ವಿಶ್ವ ಪರಂಪರೆ ಅಂದಾಗ ಅಪ್ಪನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಬೆಲ್‌ಫಾಸ್ಟ್_ಕುಡ್ಲ:

ಸೇಂಟ್ ಮೇರೀಸ್ ಅಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಇರುವ ಉತ್ತರ ಐರ್ಲೆಂಡಿನಲ್ಲಿ ಜೈಂಟ್ಸ್ ಕಾಸ್‌ವೇ ಅಂತ ಉಂಟು, ಇಂಥವೇ ಕಲ್ಲಿನ ಕಂಬ, ಸುಮಾರು 40,000. 1986ರಲ್ಲೇ ಪಟ್ಟಿಗೆ ಸೇರಿದ್ದು. ಮೊದಲ ಸಲ ಹೋದಾಗ ನನ್ನ ಬಾಯಲ್ಲಿ ಬಂದದ್ದು, ಅಯ್ಯೋ ಇದು ನಮ್ಮ ಮಲ್ಪೆಯದ್ದೇ ಅಲ್ವಾ, ಇದಕ್ಕೆ ಇಷ್ಟು ಚಳಿಯಲ್ಲಿ ಬರಬೇಕಿತ್ತಾ ಅಂತ. ವಯಸ್ಸಿನಲ್ಲಿ ನಮ್ಮದೇ ದೊಡ್ಡದು, ಇಲ್ಲಿಯದು ಸುಮಾರು 6 ಕೋಟಿ ವರ್ಷ.

ಇಲ್ಲಿ ಒಂದು ರಗಳೆ ಶುರುವಾಗಿದೆ. ಬಂದವರು ಕಲ್ಲಿನ ಸಂದಿಗೆ ನಾಣ್ಯ ಸಿಕ್ಕಿಸಿ ಹೋಗುತ್ತಾರೆ, ಅದೃಷ್ಟ ಬರುತ್ತದಂತೆ. ಆ ನಾಣ್ಯ ತುಕ್ಕು ಹಿಡಿದು ಉಬ್ಬಿ ಕಲ್ಲಿನ ಅಂಚು ಒಡೆಯುತ್ತಿದೆ, ತುಕ್ಕಿನ ಕಲೆ ಕೆಳಗೆಲ್ಲ ಇಳಿದಿದೆ. ದಯವಿಟ್ಟು ಹಾಕಬೇಡಿ ಅಂತ 2025ರಲ್ಲಿ ನೋಡಿಕೊಳ್ಳುವವರೇ ಕೇಳಿಕೊಂಡರು. ನಮ್ಮಲ್ಲಿ ಯಾರಾದರೂ ಹರಕೆ ಅಂತ ಶುರು ಮಾಡುವ ಮೊದಲು ಒಂದು ಬೋರ್ಡ್ ಹಾಕಿದರೆ ಒಳ್ಳೆಯದು.

ಕೊಂಕಣ_ರೈಲು_ಪ್ರಿಯೆ:

ಅಣ್ಣಾ, ಅಮ್ಮನ ಜೊತೆ ಹೋಗುವುದಾದರೆ ಹಳೇ ಗೋವಾ ನೋಡಿ. ಅಲ್ಲಿಯ ಚರ್ಚುಗಳು ಹಂಪಿ ಸೇರಿದ ವರ್ಷವೇ, 1986ರಲ್ಲಿ ಸೇರಿದವು. ಘಾಟಿ ಇಲ್ಲ, ವಾಂತಿ ಇಲ್ಲ. ಉಡುಪಿಯಲ್ಲಿ ರೈಲು ಹತ್ತಿ ಕರ್ಮಲಿಯಲ್ಲಿ ಇಳಿದರೆ ಹತ್ತಿರವೇ. ವಂದೇ ಭಾರತ್ ಮಡಗಾಂವ್‌ವರೆಗೆ ಮಾತ್ರ, ಅಲ್ಲಿಂದ ಗಂಟೆ ಹತ್ತಿರ ಟ್ಯಾಕ್ಸಿ ಹಿಡಿಯಬೇಕು. ಬಾಮ್ ಜೀಸಸ್ ಚರ್ಚು, ರಸ್ತೆಯ ಆಚೆ ಸೇ ಕೆಥೆಡ್ರಲ್, ಎರಡೂ ಸಮತಟ್ಟು ಜಾಗ. ಬೆಂಚಿನಲ್ಲಿ ಕೂತೇ ಅರ್ಧ ನೋಡಬಹುದು. ಡಿಸೆಂಬರ್ 3ರ ಸೇಂಟ್ ಫ್ರಾನ್ಸಿಸ್ ಝೇವಿಯರ್ ಹಬ್ಬದ ಆಸುಪಾಸು ಮಾತ್ರ ಬೇಡ, ಕಾಲಿಡಲು ಜಾಗ ಇರುವುದಿಲ್ಲ.

ನನ್ನ ಅತ್ತೆಗೆ ಬಾಮ್ ಜೀಸಸ್ ಚರ್ಚಿನಲ್ಲಿ ಹಿಡಿಸಿದ್ದು ಒಳಗಿನ ಚಿನ್ನದ ಕೆಲಸ ಅಲ್ಲ, ಹೊರಗಿನ ಗೋಡೆ. ಮುರಕಲ್ಲು (ಜಂಬಿಟ್ಟಿಗೆ), ನಮ್ಮ ಮನೆ ಕಾಂಪೌಂಡಿನದೇ ಜಾತಿ. ಮುಟ್ಟಿ ನೋಡಿ, "ಇದಕ್ಕೆ ಗಾರೆ ಯಾಕೆ ಇಲ್ಲ? ಮಳೆಗೆ ತೊಳೆದು ಹೋಗುತ್ತದಲ್ಲ" ಅಂದರು. ಮೊದಲು ಗಾರೆ ಇತ್ತು, 1950ರ ದಶಕದಲ್ಲಿ ತೆಗೆದರು, ಆಗಿನಿಂದ ಮಳೆಗೆ ಕಲ್ಲು ಸವೆಯುತ್ತಿದೆ. ದೊಡ್ಡ ದೊಡ್ಡವರೆಲ್ಲ ಚರ್ಚೆ ಮಾಡುವ ವಿಷಯವನ್ನು ಬಜಪೆಯ ಅತ್ತೆ ಎರಡು ನಿಮಿಷದಲ್ಲಿ ಹಿಡಿದರು.

ಅಜ್ಜರಕಾಡಿನ_ಅಪ್ಪ:

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಪೆನ್ಸಿಲ್ ಟಿಕ್ ಒಪ್ಪಿಕೊಂಡಳು, ವಾಂತಿಯದ್ದು ಒಪ್ಪಲಿಲ್ಲ. ಹನುಮಾನ್ ಗುಂಡಿಗೆ ಮುಂದಿನ ಭಾನುವಾರ ನಾವಿಬ್ಬರೇ ಹೋಗುತ್ತೇವೆ. ಅಮ್ಮನಿಗೆ ಗೋವಾ ಅಂದೆ, ಅಲ್ಲಿ ಎಂತ ಉಂಟು ಅಂತ ಕೇಳಿದರು. ಮುರಕಲ್ಲಿನ ಗೋಡೆ ಅಂದೆ. "ಅದಕ್ಕೆ ರೈಲು ಯಾಕೆ, ಹಿತ್ತಿಲಿಗೆ ಹೋಗು" ಅಂದರು. ಆದರೂ ಸೀರೆ ಯಾವುದು ಉಡುವುದು ಅಂತ ಆಗಲೇ ಅಕ್ಕನಿಗೆ ಫೋನ್ ಮಾಡಿದ್ದಾರೆ.