ಕಾಸರಗೋಡಿನ ಐಟಿಐ ಓದಿಗೆ ಬೆಂಗಳೂರಿನಲ್ಲಿ ಬೆಲೆಯಿಲ್ಲವೇ?

ಪ್ರಶ್ನೆ, ಮಂಜೇಶ್ವರದಿಂದ: ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಕೇರಳದ ಐಟಿಐಯಲ್ಲಿ ಫಿಟ್ಟರ್ ಕಲಿತ ನನ್ನ ತಮ್ಮನನ್ನು ಬೆಂಗಳೂರಿನ ಕಾರ್ಖಾನೆಯೊಂದರ ಗೇಟಿನಿಂದಲೇ ‘ಹೊರರಾಜ್ಯದ ಸರ್ಟಿಫಿಕೇಟು’ ಎಂದು ಹಿಂದೆ ಕಳುಹಿಸಿದರು. ಇದು ಸರಿಯೇ?

ಉತ್ತರ: ಎನ್‌ಸಿವಿಟಿಯ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟಿಗೆ ದೇಶದಾದ್ಯಂತ ಮಾನ್ಯತೆಯಿದೆ, ತಮ್ಮನದು ಅದೇ ಹೌದೇ ಎಂದು ಮೊದಲು ನೋಡಿಕೊಳ್ಳಿ. ನೇರ ನೌಕರಿಗಿಂತ ಅಪ್ರೆಂಟಿಸ್‌ಶಿಪ್ಪಿಗೆ (ಕಾರ್ಖಾನೆಯಲ್ಲೇ ಕೆಲಸ ಕಲಿಯುವ ತರಬೇತಿ) ಪ್ರಯತ್ನಿಸುವುದು ಲೇಸು, ಏಕೆಂದರೆ 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮದಂತೆ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಅವಧಿ ಮುಗಿದ ಮೇಲೆ ನೌಕರಿ ಕೊಡಬೇಕೆಂದೇನೂ ಇಲ್ಲ, ಅದು ಬೇರೆ ಮಾತು.

ಇನ್ನೊಬ್ಬರು: ಕಾಗದ ಸರಿಯಿದ್ದರೂ ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ಕೈಗೆ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಕೊಟ್ಟು ತುಂಡೊಂದನ್ನು ಅಳೆಯಲು ಹೇಳುತ್ತಾರೆ. ನಾನು ತಡವರಿಸಿದ್ದು ಅಲ್ಲೇ. ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರ ಕಲಿತ ಮೇಲೆ ದಾರಿ ತೆರೆಯಿತು.

ಪ್ರಶ್ನೆ ಕೇಳಿದವರು: ಸರ್ಟಿಫಿಕೇಟು ಎನ್‌ಸಿವಿಟಿಯದ್ದೇ. ವರ್ನಿಯರ್ ಮಾತ್ರ ಅವನು ಪರೀಕ್ಷೆಯ ದಿನ ಹಿಡಿದದ್ದಷ್ಟೇ.