ಪಾಸ್‌ವರ್ಡ್ ಸರಿ, ಪ್ರವೇಶ ಇಲ್ಲ

“ಪಾಸ್‌ವರ್ಡ್ ತಪ್ಪು ಅಂತ ಈ ಲಿನಕ್ಸ್ ಕಂಪ್ಯೂಟರ್ ಅಂದಿದ್ರೆ ಇಷ್ಟು ಉರೀತಿರ್ಲಿಲ್ಲ ಕಣ್ರೋ. ಸರಿ ಅಂತ ಒಪ್ಕೊಳ್ಳತ್ತೆ, ಪರದೆ ಒಂದ್ಸಲ ಕಣ್ಣು ಮಿಟುಕಿಸತ್ತೆ, ಮತ್ತೆ ಅದೇ ಲಾಗಿನ್ ಪೆಟ್ಟಿಗೆ ತಂದು ಮುಂದಿಡತ್ತೆ. ಬೆಳಿಗ್ಗೆಯಿಂದ ಹದಿನೇಳು ಸಲ!”

“ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅನ್ನು,” ಅಂದ ಟರ್ಮಿನಲ್ ತಾತ. ವಯಸ್ಸು ನಮ್ಮದೇ. ಮೌಸ್ ಮುಟ್ಟಲ್ಲ, ಎಲ್ಲಾ ಆಜ್ಞೆ ಟೈಪ್ ಮಾಡೇ ಮುಗಿಸ್ತಾನೆ ಅಂತ ಆ ಹೆಸರು.

“ರೀಬೂಟ್ ಮಾಡು.” ಇದು ರೀಬೂಟ್ ರಾಯ. ತಲೆನೋವಿಗೂ ಅವನದು ಇದೇ ಮದ್ದು.

“ನಾಲ್ಕು ಸಲ ಮಾಡಿದೆ.”

“ಐದನೇದು?”

ತಾತ ಅವನನ್ನ ಪಕ್ಕಕ್ಕೆ ತಳ್ಳಿದ. “ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತು.”

ಒತ್ತಿದೆ. ಅಂದಚೆಂದ ಎಲ್ಲಾ ಮಾಯ, ಬರೀ ಕಪ್ಪು ಪರದೆ. ಹೆಸರು ಹೊಡೆದೆ. ಪಾಸ್‌ವರ್ಡ್ ಹೊಡೆದ್ರೆ ಒಂದಕ್ಷರವೂ ಕಾಣಲಿಲ್ಲ.

“ಕೀಬೋರ್ಡೂ ಹೋಯ್ತು!” ಅಂತ ಕಿರುಚಿದ ರಾಯ.

“ಹೋಗಿಲ್ವೋ. ಇಲ್ಲಿ ಪಾಸ್‌ವರ್ಡ್‌ಗೆ ಚುಕ್ಕೀನೂ ಬೀಳಲ್ಲ. ನಂಬಿ ಎಂಟರ್ ಒತ್ತು.”

ಒಳಗೆ ಬಿಟ್ಟಿತು! ಅಂದ್ರೆ ಖಾತೆ ನೆಟ್ಟಗಿದೆ, ಡೆಸ್ಕ್‌ಟಾಪ್ ಏಳೋವಾಗ ಎಲ್ಲೋ ಮುಗ್ಗರಿಸ್ತಿದೆ. ತಾತನಿಗೆ ಮೊದಲ ಗುಮಾನಿ ಡಿಸ್ಕ್ ಮೇಲೆ. ಅದು ತುಂಬಿ ತುಳುಕ್ತಿದ್ರೆ ಸೆಷನ್ ಶುರುವಾಗೋಕೆ ಬೇಕಾದ ಪುಟ್ಟ ಫೈಲ್ ಬರೆಯೋಕೂ ಜಾಗ ಸಿಗಲ್ಲವಂತೆ. ಡಿಸ್ಕಲ್ಲಿ ಫೈಲ್ ಜೋಡಿಸಿಡೋ ಇಎಕ್ಸ್‌ಟಿ4 ವ್ಯವಸ್ಥೆ ಸಾಮಾನ್ಯವಾಗಿ 5% ಜಾಗ ರೂಟ್‌ಗೆ, ಅಂದ್ರೆ ಯಂತ್ರದ ಯಜಮಾನ ಖಾತೆಗೆ ಅಂತ ಎತ್ತಿಡತ್ತೆ, ಹಾಗಾಗಿ ರೂಟ್ ಆರಾಮಾಗಿ ಓಡಾಡ್ತಾನೆ, ನಾವು ಮಾತ್ರ ಬಾಗಿಲಲ್ಲಿ. ಎಷ್ಟು ಜಾಗ ಇದೆ ಅಂತ ನೋಡೋಕೆ ‘ಡಿಎಫ್ ಮೈನಸ್ ಎಚ್’ ಹೊಡೆದೆ. ಅರ್ಧಕ್ಕರ್ಧ ಖಾಲಿ. ತಾತನ ಮುಖ ಸಪ್ಪಗಾಯ್ತು.

“ಸರಿ, ‘ಎಲ್‌ಎಸ್ ಮೈನಸ್ ಎಲ್‌ಎ’ ಹೊಡಿ. ಚುಕ್ಕಿಯಿಂದ ಶುರುವಾಗೋ ಎಕ್ಸ್‌ಅಥಾರಿಟಿ ಅನ್ನೋ ಫೈಲು ಯಾರ ಹೆಸರಲ್ಲಿದೆ?”

“ರೂಟ್.”

ತಾತ ಕುರ್ಚಿಗೊರಗಿದ. “ಡೆಸ್ಕ್‌ಟಾಪ್ ಚಿತ್ರ ತೋರಿಸೋ ಎಕ್ಸ್11 ವ್ಯವಸ್ಥೆಯ ಪರದೆಗೆ ಹೋಗೋ ಗುರುತಿನ ಚೀಟಿ ಇರೋದು ಅದರಲ್ಲೇ. ಮನೆ ನಿಂದು, ಬೀಗದಕೈ ರೂಟ್ ಜೇಬಲ್ಲಿ. ನಿನ್ನೆ ರಾತ್ರಿ ಏನು ಘನಂದಾರಿ ಕೆಲಸ ಮಾಡಿದೆ?”

ಕೆಮ್ಮಿದೆ. ಇಬ್ಬರೂ ಬಿಡಲಿಲ್ಲ.

“ಡೆಸ್ಕ್‌ಟಾಪ್ ಬೇಗ ಬರ್ಲಿ ಅಂತ... ರೂಟ್ ಅಧಿಕಾರದಲ್ಲೇ ಎಬ್ಬಿಸಿದೆ, ಸುಡೋ ಸ್ಟಾರ್ಟ್‌ಎಕ್ಸ್ ಅಂತ.”

“ಬೀದೀಲಿ ಹೋಗ್ತಿದ್ದ ಮಾರೀನ ಮನೆಗೆ ಕರೆದೆ! ಅದಕ್ಕೇ ಫೈಲು ರೂಟ್ ಹೆಸರಿಗೆ ಹೋಯ್ತು. ಈಗ ಫೈಲಿನ ಒಡೆತನ ಬದಲಿಸೋ ‘ಸುಡೋ ಚೋನ್’ ಹೊಡಿ, ನಿನ್ನ ಹೆಸರು, ಕೋಲನ್, ಮತ್ತೆ ನಿನ್ನ ಹೆಸರು, ಆಮೇಲೆ ಆ ಫೈಲು.”

“ಮತ್ತೆ ಸುಡೋನಾ?”

“ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು.”

ಎಂಟರ್ ಒತ್ತಿದೆ. ಏನೂ ಹೇಳಲಿಲ್ಲ. ಲಿನಕ್ಸ್ ಬಾಯಿ ಮುಚ್ಚಿಕೊಂಡಿದ್ರೆ ಕೆಲಸ ಆಗಿದೆ ಅಂತ ಅರ್ಥ. ನಮ್ಮ ರಾಯನಿಗೆ ಈ ಗುಣ ಯಾಕೆ ಬರಲಿಲ್ಲವೋ.

“ವಾಪಸ್ ಲಾಗಿನ್ ಪರದೆಗೆ ಹೋಗಿ...” ತಾತ ಮಾತು ಮುಗಿಸೋದ್ರೊಳಗೆ ರಾಯ ಕೈ ಚಾಚಿ ಪವರ್ ಬಟನ್ ಒತ್ತಿಬಿಟ್ಟ. ಮತ್ತೆ ಆನ್ ಮಾಡಿದೆ, ಪಾಸ್‌ವರ್ಡ್ ಹಾಕಿದೆ, ಡೆಸ್ಕ್‌ಟಾಪ್ ನಗ್ತಾ ಬಂತು.

“ನೋಡಿದ್ರಾ?” ಅಂದ ರಾಯ. “ಐದನೇ ರೀಬೂಟ್‌ಗೆ ಬಗ್ಗಿತು!”