ಕುದುರೆಯ ‘ಹಾಫ್ ಬ್ರದರ್’ಗೆ ಕನ್ನಡ ಪದ ಬೇಕು – ತುರ್ತು

ಕುಣಿಗಲ್‌ನಿಂದ:
ಫ್ರಾಂಕೆಲ್ ಎಂಬ ಥರೋಬ್ರೆಡ್ ಬೀಜದ ಕುದುರೆಯ ಕುರಿತ ಬರಹ ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. 2010ರಿಂದ 2012ರವರೆಗೆ ಓಡಿದ 14 ಪಂದ್ಯಗಳನ್ನೂ ಗೆದ್ದು, 2013ರಿಂದ ತಳಿ ಸಂವರ್ಧನೆಗೆ ನಿಂತ ಕುದುರೆ. ತಂದೆ ಗೆಲಿಲಿಯೊ, ತಾಯಿ ಕೈಂಡ್. ಇದಕ್ಕಾಗಿ ಮುಂದೆ ಓಡಿ ಪಂದ್ಯದ ವೇಗ ಏರಿಸಿಕೊಡುತ್ತಿದ್ದ ಬುಲೆಟ್ ಟ್ರೈನ್ ಇದರ ‘ಹಾಫ್ ಬ್ರದರ್’. ಏನೆನ್ನೋಣ? ನಮ್ಮೂರಿನ ಕುದುರೆ ಫಾರಂ ಟಿಪ್ಪು ಕಾಲದ್ದು, ಓದುವವರು ಕುದುರೆ ಬಲ್ಲವರು. ತಪ್ಪಿದರೆ ನಗುತ್ತಾರೆ.

ತಿಪಟೂರಿನಿಂದ:
ಮಲಸಹೋದರ. ನಿಘಂಟು ತೆರೆದರೆ ಸಿಗುತ್ತದೆ.

ಕುಣಿಗಲ್‌ನಿಂದ:
ತೆರೆದೇ ಕೇಳಿದ್ದು. ಮಲತಾಯಿ ಬಂದ ಮನೆಯಲ್ಲಿ ತಂದೆ ಒಬ್ಬನೇ, ತಾಯಂದಿರು ಬೇರೆ. ಕುದುರೆಗಳಲ್ಲಿ ತಾಯಿ ಒಂದೇ ಆಗಿದ್ದರೆ ಮಾತ್ರ ಈ ನಂಟು. ಬೇಡಿಕೆಯ ಗಂಡನ್ನು ಒಂದು ಹಂಗಾಮಿನಲ್ಲಿ ನೂರಕ್ಕೂ ಹೆಚ್ಚು ಹೆಣ್ಣುಗಳಿಗೆ ಬಿಡುವುದುಂಟು. ಹೆಣ್ಣು ಹನ್ನೊಂದು ತಿಂಗಳು ಹೊತ್ತು ಸಾಮಾನ್ಯವಾಗಿ ಹೆರುವುದು ಒಂದೇ ಮರಿ. ತಂದೆಯ ಲೆಕ್ಕ ಹಿಡಿದರೆ ಲಾಯವೆಲ್ಲ ಅಣ್ಣತಮ್ಮಂದಿರೇ.

ಮಧುಗಿರಿಯಿಂದ:
ಹಾಗಾದರೆ ಬರಿಯ ‘ಸಹೋದರ’ ಸಾಕು. ಒಂದೇ ಉದರದಲ್ಲಿ ಹುಟ್ಟಿದವನು ಎಂದೇ ಅದರ ಅರ್ಥ. ‘ಮಲ’ ಅಂಟಿಸಿ ಕೆಡಿಸಬೇಡಿ.

ಶಿರಾದಿಂದ:
ಕುದುರೆಗೂ ಸಂಸ್ಕೃತದ ಜೀನು ಬಿಗಿಯಬೇಕೇ? ‘ಒಡಹುಟ್ಟು’ ಎಲ್ಲಿಗೆ ಹೋಯಿತು?

ಕುಣಿಗಲ್‌ನಿಂದ:
ನೋಬಲ್ ಮಿಷನ್ ಎಂಬ ತಮ್ಮನಿಗೆ ತಂದೆ, ತಾಯಿ ಇಬ್ಬರೂ ಫ್ರಾಂಕೆಲ್‌ನವರೇ. ಅದಕ್ಕೂ ಒಡಹುಟ್ಟು, ಇದಕ್ಕೂ ಒಡಹುಟ್ಟು ಎಂದರೆ ವ್ಯತ್ಯಾಸ ಹೇಗೆ ತಿಳಿಯಬೇಕು? ಅದು ಸಾಲದೆಂಬಂತೆ ಬುಲೆಟ್ ಟ್ರೈನ್‌ನ ತಂದೆ ಸ್ಯಾಡ್ಲರ್ಸ್ ವೆಲ್ಸ್, ಗೆಲಿಲಿಯೊಗೂ ಅದೇ ತಂದೆ. ಮನುಷ್ಯರ ಲೆಕ್ಕದಲ್ಲಿ ಅದು ಫ್ರಾಂಕೆಲ್‌ಗೆ ಚಿಕ್ಕಪ್ಪನೂ ಹೌದು!

ತಿಪಟೂರಿನಿಂದ:
ಶಿರಾದವರೇ, ನೀವು ಬರೆದ ‘ಜೀನು’ ಪಾರಸಿಯದು. ಲಗಾಮೂ ಅಲ್ಲಿಯದೇ. ಎರಡನ್ನೂ ಬಿಚ್ಚಿ ಹತ್ತುತ್ತೀರಾ?

ಶಿರಾದಿಂದ:
ಮೊದಲು ಬಿಚ್ಚಬೇಕಾದದ್ದು ‘ಥರೋಬ್ರೆಡ್’. ‘ಅಪ್ಪಟ ತಳಿ’ ಎಂದರೆ ಏನು ನಷ್ಟ?

ತಿಪಟೂರಿನಿಂದ:
ಅದು ವಿಶೇಷಣವಲ್ಲ, ಒಂದು ತಳಿಯ ಹೆಸರು. ಇಂಗ್ಲೆಂಡಿನ ಹೆಣ್ಣುಗಳಿಗೆ ಹೊರಗಿನಿಂದ ತಂದ ಗಂಡುಗಳನ್ನು ಬಿಟ್ಟು ಬೆಳೆಸಿದ್ದು. ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡುಸಂತತಿಯ ಮೂಲ ಡಾರ್ಲಿ ಅರೇಬಿಯನ್, ಬೈಯರ್ಲಿ ಟರ್ಕ್, ಗಾಡಾಲ್ಫಿನ್ ಅರೇಬಿಯನ್ ಎಂಬ ಮೂರೇ ಕುದುರೆಗಳು. ಅಪ್ಪಟವಂತೆ!

ಕುಣಿಗಲ್‌ನಿಂದ:
‘ಒಂದೇ ತಾಯಿ, ಬೇರೆ ತಂದೆಯ ಅಣ್ಣ’ ಎಂದು ಬರೆದು ಕಳಿಸಿದ್ದೇನೆ. ನೀವು ಮುಂದುವರಿಸಿ.

ಮಧುಗಿರಿಯಿಂದ:
ಪದ ಕೇಳಿ ವಾಕ್ಯ ಬರೆದಿರಿ.